ಮಣ್ಣು ಮುಟ್ಟದ ಮೆಂತ್ಯ

ಶಂಭುಲಿಂಗ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಬಗ್ಗಿ ಅದರ ಕೆಳಭಾಗ ನೋಡಿದ. ಸ್ಪಂಜಿನ ತುಂಡುಗಳಿಂದ ಮೆಂತ್ಯದ ಬೇರು ಇಳಿದಿದ್ದವು. ಹೋದ ಸಲದಂತೆ ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿರಲಿಲ್ಲ. ಶಾವಿಗೆಯ ಎಳೆಯ ಹಾಗೆ ಬೆಳ್ಳಗಿದ್ದವು.

"ಬದುಕ್ಯಾವೇನು?" ಒಳಕೋಣೆಯಿಂದ ಹೆಂಡತಿ ಪುಷ್ಪಲತಾ ಕೇಳಿದಳು.

"ಬದುಕ್ಯಾವ."

"ಸತ್ತಿದ್ರೂ ನೀ ಹಂಗ ಅಂತೀ."

ಅಡಿಗೆಮನೆಯಲ್ಲಿ ಅವನ ತಾಯಿ ಮುತ್ತವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಅಂದಳು, "ಮಣ್ಣಿಲ್ಲದ ಬೆಳಿ, ತಾಯಿಲ್ಲದ ಕೂಸು. ರಾಣೆಬೆನ್ನೂರಾಗ ಬೀಜದ ಅಂಗಡಿ ಇಟ್ಟು ಊರಿಗೆಲ್ಲಾ ಬಿತ್ತೂದು ಹೇಳ್ತಿದ್ದಾವ, ಈಗ ಡಬ್ಯಾಗ ಬಿತ್ತಾಕತ್ಯಾನ."

ಪುಷ್ಪಲತಾ ಹಸಿ ಸೊಪ್ಪು-ತಪ್ಪಲ ಇಲ್ಲದೆ ರೊಟ್ಟಿ ಮುರಿದವಳಲ್ಲ. ಮದುವೆಯಾಗಿ ಬಂದ ಮೊದಲ ದಿನ ಎಲ್ಲರ ತಾಟಿನಲ್ಲೂ ಹೋಳಿಗೆ ಇದ್ದರೆ ಅವಳು ಮೆಲ್ಲಗೆ "ಹಕ್ಕರಿಕಿ ಐತೇನ್ರಿ?" ಅಂದಿದ್ದಳು. ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿಯ ತಪ್ಪಲ, ಮೇಲೊಂದಿಷ್ಟು ಶೇಂಗಾ ಚಟ್ನಿ, ಮೊಸರು. ದನ ಮೇದಂಗ ಮೇಯ್ತಾಳ ಎಂದು ಮುತ್ತವ್ವ ಆಡಿಕೊಳ್ಳುತ್ತಲೇ ಸಂತೆಯಿಂದ ಒಂದು ಸೂಡು ಸೊಪ್ಪು ಹೆಚ್ಚಿಗೆ ತರುತ್ತಿದ್ದಳು. ಆಮೇಲೆ ಹೊಟ್ಟೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯ ಡಾಕ್ಟರು ಕೀಮೋ ಶುರು ಮಾಡುವ ದಿನ ಹೇಳಿದ್ದರು: "ಹಸೀದು ಒಂದೆಲೆ ಸೈತ ಬ್ಯಾಡ್ರಿ. ರಕ್ತದಾಗ ತಡಕೊಳ್ಳೂ ಶಕ್ತಿ ಇರೂದಿಲ್ಲ. ಮಣ್ಣಿನ್ಯಾಗಿನ ಕ್ರಿಮಿ ಹತ್ತಿದ್ರ ಕಷ್ಟ. ಕುದಿಸಿ ಕೊಡ್ರಿ."

ಅಷ್ಟು ಮಾತಿನಲ್ಲಿ ಶಂಭುಲಿಂಗ ಹಿಡಿದುಕೊಂಡಿದ್ದು ಮಣ್ಣನ್ನು ಮಾತ್ರ. ತಪ್ಪು ಮಣ್ಣಿನದಾದರೆ ಮಣ್ಣನ್ನೇ ಬಿಟ್ಟರಾಯಿತು.

ಹಾವೇರಿಯಲ್ಲಿ ಕನಕರಾಜ ಎಂಬವನೊಬ್ಬ ಮಹಡಿಯ ಮೇಲೆ ನೀರಿನಲ್ಲೇ ಸೊಪ್ಪು ಬೆಳೆಯುತ್ತಿದ್ದ. ಅವನ ಹತ್ತಿರ ಹೋಗಿ ಕಲಿತು ಬಂದ. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿ, ಸ್ಪಂಜು, ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ಪಂಪು, ಗೊಬ್ಬರದ ರಸದ ಎರಡು ಬಾಟಲಿ. ಮೊದಲ ಸಲ ಎರಡೂ ಬಾಟಲಿಯ ರಸವನ್ನು ನೀರಿಗೆ ಬೆರೆಸುವ ಮುಂಚೆಯೇ ಒಂದರೊಳಗೊಂದು ಸುರಿದ. ಒಡೆದ ಹಾಲಿನಂತಾಗಿ ತಳಕ್ಕೆ ಕೂತಿತು. ಎರಡನೆಯ ಸಲ ಡಬ್ಬಿಯನ್ನು ಮಾಳಿಗೆಯ ಮೇಲಿಟ್ಟ. ಬಿಸಿಲಿಗೆ ನೀರು ಕಾದು ಬೇರು ಕೊಳೆತವು. ಈಗ ಪಡಸಾಲೆಯ ಕಿಟಕಿಯ ಬದಿ ಇಟ್ಟು, ಬೋರಿನ ಗಡಸು ನೀರು ಬಿಟ್ಟು ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದು ಹಾಕುತ್ತಿದ್ದ. ಕರೆಂಟು ಹೋದರೆ ತಾನೇ ಕೂತು ಕಡ್ಡಿಯಿಂದ ನೀರು ಕಲಕುತ್ತಿದ್ದ. ಪುಷ್ಪಲತಾ ಮಲಗಿದಲ್ಲಿಂದ ನೋಡಿ ನಗುತ್ತಿದ್ದಳು. "ಮಜ್ಜಿಗಿ ಕಡ್ಯಾಕತ್ತೀಯೇನು? ಬೆಣ್ಣಿ ಬಂದ್ರ ಹೇಳು."

ಮೆಂತ್ಯ ಬೆರಳುದ್ದ ಬಂದ ವಾರ ಹುಬ್ಬಳ್ಳಿಗೆ ಹೋಗುವುದಿತ್ತು. ಸ್ಕ್ಯಾನಿನ ವರದಿ ತೋರಿಸಬೇಕಿತ್ತು. ಅವಳಿಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ, ಅವನೊಬ್ಬನೇ ಹೋದ.

ಡಾಕ್ಟರು ವರದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಳಗಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಶಂಭುಲಿಂಗ ಮೊಬೈಲು ಮುಂದೆ ಹಿಡಿದ.

"ಇದು ನೋಡ್ರಿ ಸಾಹೇಬ್ರ. ಮನ್ಯಾಗ ಬೆಳಸೇನಿ, ನೀರಾಗ. ಮಣ್ಣು ಒಟ್ಟ ಮುಟ್ಟಿಲ್ಲ. ಇದನ್ನರ ಹಸೀದು ಕೊಡಬಹುದೇನ್ರಿ?"

ಡಾಕ್ಟರು ಫೋಟೋ ನೋಡಿದರು. "ಚಲೋ ಬೆಳಸೀರಿ. ಕೊಡ್ರಿ."

"ಎಷ್ಟು ಕೊಡ್ಲಿರಿ?"

"ಅವರಿಗೆ ಎಷ್ಟು ಸೇರತೈತಿ ಅಷ್ಟು." ವರದಿಯನ್ನು ಕವರಿಗೆ ಸೇರಿಸುತ್ತ ಅಂದರು, "ಹೊಲದ್ದು ಬೇಕಂದ್ರೂ ಕೊಡ್ರಿ. ಏನ ಕೇಳ್ತಾರ ಅದನ್ನ ಕೊಡ್ರಿ ಇನ್ನ. ಕೀಮೋ ಸಾಕು ಮಾಡೂಣು. ನೋವಿಗೆ ಗುಳಿಗಿ ಬರದು ಕೊಡ್ತೇನಿ."

ಶಂಭುಲಿಂಗ ಮೊಬೈಲನ್ನು ಕಿಸೆಗೆ ಇಳಿಬಿಡಲು ಹೋದ. ಕಿಸೆ ಸಿಗಲಿಲ್ಲ.

ಮರಳುವ ಬಸ್ಸಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಪಕ್ಕಕ್ಕೆ ಕೂತಿದ್ದ. ಅವನ ಅಂಗಿಯ ಘಾಟಿಗೆ ಸುತ್ತಲಿದ್ದವರೆಲ್ಲ ಸೀನಿದರು, ಕಣ್ಣು ಒರೆಸಿಕೊಂಡರು. ಶಂಭುಲಿಂಗನೂ ಒರೆಸಿಕೊಂಡ. ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಮುತ್ತವ್ವ ಬಾಗಿಲಿಗೆ ಬಂದಳು. "ಏನಂದ್ರೋ?"

"ಹಸೀ ತಪ್ಪಲ ತಿನ್ನಾಕ ಅಡ್ಡಿ ಇಲ್ಲಂತ."

"ಹಂಗಾದ್ರ ಆರಾಮ ಆಗಾಕತ್ತೈತಿ ಅನ್ನು," ಎಂದು ಮುತ್ತವ್ವ ಒಲೆಯ ಕಡೆ ಓಡಿದಳು.

ಅವನು ಕತ್ತರಿಯಿಂದ ಮೆಂತ್ಯ ಕತ್ತರಿಸಿ ತಾಟಿನಲ್ಲಿಟ್ಟ. ಪುಷ್ಪಲತಾ ಗೋಡೆಗೆ ಒರಗಿ ಕೂತು, ಬಿಸಿ ರೊಟ್ಟಿಯ ಚೂರಿನೊಳಗೆ ನಾಲ್ಕೆಸಳು ಸುತ್ತಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ಮತ್ತೆ ತೆರೆದಳು.

"ಹೆಂಗೈತಿ?"

"ಕಹೀನ ಇಲ್ಲ. ನೀರು ತಿಂದಂಗ ಆಗ್ತೈತಿ." ಅವನ ಮುಖ ನೋಡಿ, "ಚಲೋ ಐತಿ ಬಿಡು, ನೀ ಬೆಳಸೀದಿ," ಎಂದಳು. ಇನ್ನೊಂದು ತುತ್ತು ತಿಂದು ಕೇಳಿದಳು, "ಹೊಲದ್ದು ಯಾವಾಗಿಂದ ತಿನ್ನಬಹುದಂತ?"

"ಅದೂ ತಿನ್ನಬಹುದಂತ ಈಗ."

ಏನು ಬಿಟ್ಟುಕೊಟ್ಟೆನೆಂದು ಮಾತು ಆಡಿದ ಮೇಲೆಯೇ ಅವನಿಗೆ ತಿಳಿದದ್ದು. ಪುಷ್ಪಲತಾಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಪಂಪು ಗುಳುಗುಳು ಎನ್ನುತ್ತಿತ್ತು.

"ಮಣ್ಣಿಂದೂ?"

ಅವನು ತಾಟಿನಲ್ಲಿ ಉಳಿದ ಎಸಳುಗಳನ್ನು ಒಂದೆಡೆ ಕೂಡಿಸತೊಡಗಿದ.

ಅವಳು ಬಾಯಿಯಲ್ಲಿದ್ದದ್ದನ್ನು ನುಂಗಿದಳು. ನೀರು ಕುಡಿದಳು. "ಅತ್ತಿ ಮುಂದ ಹೇಳಬ್ಯಾಡ," ಎಂದಳು. ಆಮೇಲೆ, "ನಾಳೆ ಲಗೂನ ಎದ್ದು ನಮ್ಮ ಅಪ್ಪನ ಹೊಲಕ್ಕ ಹೋಗಿ ಹಕ್ಕರಿಕಿ ಕಿತ್ತುಕೊಂಡು ಬಾ. ಸಂತ್ಯಾಗಿಂದು ಬ್ಯಾಡ."

ಮೋಟೆಬೆನ್ನೂರಿನ ಹೊಲದಲ್ಲಿ ಅವಳ ಅಪ್ಪ ಅಂದಾನೆಪ್ಪ ನೀರು ಹಾಯಿಸುತ್ತಿದ್ದ. ಮಗಳು ಹಕ್ಕರಿಕೆ ಬೇಡಿದ್ದಾಳೆಂದು ಕೇಳಿ ಮುದುಕನಿಗೆ ಖುಷಿಯಾಯಿತು. "ಬಾಯಿ ರುಚಿ ತಿರುಗಿತಂದ್ರ ಮನಶ್ಯಾ ತಿರುಗಿದಂಗ," ಎನ್ನುತ್ತ ಎಳೆಯದು ನೋಡಿ ನೋಡಿ ತಾನೇ ಕಿತ್ತು ಕೊಟ್ಟ. ಶಂಭುಲಿಂಗ ಹೂಂ ಅಂದ.

ಮನೆಗೆ ತಂದ ಸೊಪ್ಪನ್ನು ಮುತ್ತವ್ವ ಉಪ್ಪುನೀರಿನಲ್ಲಿ ಒಮ್ಮೆ ಅದ್ದಿ, ಮತ್ತೆ ಅದ್ದಲು ಹೊರಟಳು.

"ಸಾಕು ಬಿಡ್ರಿ ಅತ್ತಿ," ಎಂದಳು ಪುಷ್ಪಲತಾ. "ತೊಳದು ತೊಳದು ಅದರ ಜೀವಾ ತಗೀಬ್ಯಾಡ್ರಿ. ಹಂಗ ಕೊಡ್ರಿ."

ಮುತ್ತವ್ವ ನಕ್ಕು, "ತಗೋ, ಮೇಯಿ," ಎಂದು ತಾಟು ಇಟ್ಟು, ಅಲ್ಲೇ ಎದುರಿಗೆ ಕೂತಳು.

ಪುಷ್ಪಲತಾ ಒಂದು ದಂಟನ್ನು ಬೇರಿನ ಕಡೆಯಿಂದ ಕಚ್ಚಿದಳು. ಹಲ್ಲಿನ ನಡುವೆ ಮಣ್ಣಿನ ಹರಳೊಂದು ಸಿಕ್ಕು ಕರಕ್ ಎಂದಿತು. ಶಂಭುಲಿಂಗನಿಗೆ ಅದು ಕೇಳಿಸಿತು. ಅವನು ತಾನಾಗಿಯೇ ಅಂಗೈಯನ್ನು ಅವಳ ಬಾಯ ಹತ್ತಿರ ಒಡ್ಡಿದ.

ಅವಳು ಉಗುಳಲಿಲ್ಲ. ಅಗಿಯುತ್ತಲೇ ಒಂದೆಲೆ ಮುರಿದು ಅವನ ಅಂಗೈ ಮೇಲಿಟ್ಟಳು.