ಕೋಳಿಯ ಕಾಲ ಬಳಿ ಒಂದು ಸಂದು

ಮಗುವಿನ ತಲೆಯ ಕ್ಲಿಪ್ಪು ಜಾರುತ್ತಿದೆ, ಯಾರಾದರೂ ಸರಿ ಮಾಡಬಾರದೇ, ಈಗ ಬಿತ್ತು ಆಗ ಬಿತ್ತು ಎನ್ನುವ ಹಾಗೆ ಕಿವಿಯ ಮೇಲೆ ತೂಗುತ್ತಿದೆ, ಗಾಜಿನ ಆಚೆಯ ಕೋಣೆಯಲ್ಲಿ ಯಾರಿಗೂ ಅದರ ಕಡೆ ಗಮನವಿಲ್ಲ, ಎಲ್ಲರ ಕಣ್ಣೂ ಮಗುವಿನ ಮುಂದಿನ ಟ್ಯಾಬ್ ಮೇಲೆ, ಗಾಜಿನ ಈಚೆ ನಿಂತ ಅವನೂ ಅದನ್ನೇ ನೋಡಬೇಕಿತ್ತು, ನೋಡಲಾಗುತ್ತಿಲ್ಲ, ಅದಕ್ಕೇ ಕ್ಲಿಪ್ಪು. ಟ್ಯಾಬಿನಲ್ಲಿ ಬಸ್ಸಿನ ಚಿತ್ರಕ್ಕೆ ಹಳದಿ ತುಂಬಿತು ಮಗು. ಒಂದು ಸಲ ಮುಟ್ಟಿದರೆ ಸಾಕು, ಗೆರೆಯೊಳಗೆಲ್ಲ ಬಣ್ಣ ತಾನೇ ಹರಡಿಕೊಳ್ಳುತ್ತದೆ, ನಾಲ್ಕು ವರ್ಷದವರಿಗೆಂದೇ ಮಾಡಿದ ಆಪ್. ಬಣ್ಣ ಗೆರೆ ದಾಟಲಿಲ್ಲ, ಬಸ್ಸು ಉಳಿಯಿತು. ಇನ್ನು ಮೀನು, ಕೊಡೆ, ಆಮೇಲೆ ಕೋಳಿ — ಎಲ್ಲ ಚಿತ್ರ ಬರೆದವನು ಅವನೇ, ಬೋರ್ಡು ಬರೆಯುವವನ ಮಗ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಏಣಿ ಹಿಡಿದವನು, ಅಂಗಡಿಯವರೆಲ್ಲ ಬೋರ್ಡನ್ನು ಮಷಿನ್ನಿನಲ್ಲಿ ಪ್ರಿಂಟು ಹಾಕಿಸತೊಡಗಿದ ಮೇಲೆ ಬರೆಯಲು ಗೋಡೆಯಿಲ್ಲದೆ ಅಲೆದವನು, ಕೊನೆಗೆ ಈ ಆಫೀಸು ಮೂರು ತಿಂಗಳು ನೋಡೋಣ ಎಂದಿತ್ತು, ಇವತ್ತಿಗೆ ಮೂರು ತಿಂಗಳು, ಮಕ್ಕಳಿಗೆ ಹಿಡಿಸಿದ್ರೆ ಪರ್ಮನೆಂಟ್ ಕಣಪ್ಪಾ, ಇಲ್ಲಾಂದ್ರೆ ನನ್ನ ಕೈಲೂ ಏನಿಲ್ಲ, ಮ್ಯಾನೇಜರ್ ಮೇಡಂ ನಗುತ್ತಲೇ ಹೇಳಿದ್ದರು, ಕತ್ತು ಕೊಯ್ಯುವವರೂ ಈಗೆಲ್ಲ ನಗುತ್ತಲೇ ಕೊಯ್ಯುತ್ತಾರೆ.

ಗೆರೇನ ಬಿಗಿದು ಕಟ್ಬೇಡ್ವೋ, ಎಲ್ಲಾದ್ರೂ ಒಂಚೂರು ಬಿಡು, ಅದೂ ಉಸಿರಾಡ್ಲಿ — ಅಪ್ಪ, ಏಣಿಯ ತುದಿಯಿಂದ, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು, ಸರಿಯಾಗೇ ಹೇಳಿದ್ದ, ಗೋಡೆಯ ಮೇಲೆ ಬಿಟ್ಟದ್ದನ್ನು ನೋಡುವವರ ಕಣ್ಣೇ ಕೂಡಿಸಿಕೊಳ್ಳುತ್ತಿತ್ತು, ಈ ದರಿದ್ರ ಟ್ಯಾಬಿಗೆ ಕಣ್ಣೆಲ್ಲಿದೆ, ಕೂದಲೆಳೆಯಷ್ಟು ಸಂದು ಸಿಕ್ಕರೂ ಬಣ್ಣ ಹೊರಗೆ ನುಗ್ಗಿ ಪುಟವನ್ನೇ ಮುಳುಗಿಸುತ್ತದೆ, ಅದು ಅವನಿಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ, ತಾನೇ ಒಮ್ಮೆ ಬಣ್ಣ ತುಂಬಿ ನೋಡಿದಾಗ. ಪ್ರೋಗ್ರಾಂ ಬರೆಯುವ ಹುಡುಗಿ ಮೊನ್ನೆಯೇ ಕೇಳಿದ್ದಳು, ಅಣ್ಣಾ, ಗೆರೆ ಎಲ್ಲೂ ಬಿಟ್ಟಿಲ್ಲ ತಾನೇ, ಇಲ್ಲ ಎಂದಿದ್ದ, ಯಾಕೆ ಅಂತ ಒಂದು ಮಾತು ಕೇಳಬಹುದಿತ್ತು, ಕೇಳಿದರೆ ಇವನಿಗೆ ಇಷ್ಟೂ ತಿಳಿಯದೇ ಎಂದುಕೊಂಡಾಳು, ಓದಿದವರ ಮುಂದೆ ದಡ್ಡನಾಗುವುದಕ್ಕಿಂತ ಸುಳ್ಳನಾಗುವುದು ಸುಲಭ ಅನ್ನಿಸಿತ್ತು. ಬೆಳಿಗ್ಗೆಯಿಂದ ಬೆವರುತ್ತ ಒಬ್ಬನೇ ಕೂತು ಸಂದುಗಳನ್ನೆಲ್ಲ ಮುಚ್ಚಿದ, ಕೋಳಿಯ ಕಾಲು ಹೊಟ್ಟೆಗೆ ಸೇರುವಲ್ಲಿ ಒಂದಿತ್ತು, ಅದನ್ನೂ, ಆದರೆ ಮಗುವಿನ ಟ್ಯಾಬಿನಲ್ಲಿರುವುದು ನಿನ್ನೆಯೇ ಹಾಕಿದ ಚಿತ್ರಗಳು, ಹೋಗಿ ಹೇಳು, ಈಗಲೇ ಹೇಳು, ಬಾಗಿಲು ನಾಲ್ಕು ಹೆಜ್ಜೆ — ಮೀನು ಉಳಿಯಿತು, ಕೊಡೆ ಉಳಿಯಿತು, ಕೋಳಿ ಬಂತು, ಮಗು ಕೆಂಪು ಆರಿಸಿತು, ಬೇಡ ತಾಯಿ, ಮುಂದಿನದಕ್ಕೆ ಹೋಗು, ನಿನ್ನ ಕಾಲಿಗೆ ಬೀಳ್ತೀನಿ — ಮುಟ್ಟಿತು.

ಕೋಳಿ ಕೆಂಪಾಯಿತು, ಬಣ್ಣ ಕಾಲ ಬಳಿಯಿಂದ ಹೊರಬಿತ್ತು, ನೆಲ ಕೆಂಪು, ಆಕಾಶ ಕೆಂಪು, ರೆಪ್ಪೆ ಬಡಿಯುವುದರೊಳಗೆ ಕೋಳಿ ಎಲ್ಲಿತ್ತೆಂದೇ ತಿಳಿಯದು. ಗೋಡೆಯ ಸ್ಪೀಕರಿನಲ್ಲಿ ಮಗುವಿನ ಅಮ್ಮ, ಏನೇ ಒತ್ತಿದೆ, ಎಲ್ಲಾ ಹಾಳು ಮಾಡಿದ್ಯಲ್ಲೇ, ಆಮೇಲೆ ಮೇಡಂ, ಇರ್ಲಿ ಬಿಡಿ, ಮಕ್ಕಳು ಏನೋ ಒತ್ತಿಬಿಡ್ತಾವೆ. ಏನೋ ಒತ್ತಿಬಿಡ್ತಾವೆ — ಹಾಗೆಂದೇ ಬರೆದುಕೊಳ್ಳುತ್ತಿದ್ದಾರೆ, ಹಾಗಾದರೆ ಉಳಿದೆ, ತಪ್ಪು ಮಗುವಿನದು, ಉಳಿದೆ, ಪ್ರೋಗ್ರಾಂ ಹುಡುಗಿ ಮಾತ್ರ ಗಾಜಿನ ಕಡೆ ತಿರುಗಿ ಅವನನ್ನೇ ನೋಡುತ್ತಿದ್ದಾಳೆ, ಅವಳಿಗೆ ತಿಳಿಯಿತು, ಅವಳು ಹೇಳುವುದಿಲ್ಲ, ನೀನೇ ಹೇಳು ಎಂದು ಕಾಯುತ್ತಿದ್ದಾಳೆ, ಹೇಳಿದರೆ ನಾಳೆಯಿಂದ ಮತ್ತೆ ಬೀದಿ, ಅತ್ತುಬಿಡು ಮಗು, ಅತ್ತರೆ ಸಮಾಧಾನ ಮಾಡುತ್ತಾರೆ, ಮಗು ಅಳುತ್ತಿಲ್ಲ, ನಾನು ಒಂದೇ ಸಲ ಮುಟ್ಟಿದ್ದು ಎಂದಿತು ಮೆಲ್ಲಗೆ, ಅದು ಅವನೊಬ್ಬನಿಗೇ ಕೇಳಿಸಿತೋ ಏನೋ. ಮೇಡಂ ಮುಂದಿನ ಚಿತ್ರ ತೆಗೆದರು. ಮಗು ಮುಟ್ಟಲಿಲ್ಲ. ಬೆರಳನ್ನು ಮೇಲೆತ್ತಿ ನೋಡಿಕೊಂಡಿತು, ಬಣ್ಣವೇ ಹತ್ತದ ಬೆರಳು, ಅದನ್ನು ಫ್ರಾಕಿಗೆ ಒರೆಸಿತು, ನೋಡಿತು, ಮತ್ತೆ ಒರೆಸಿತು — ಏನೂ ಹತ್ತಿಲ್ಲದ ಬೆರಳು — ಒರೆಸುತ್ತಿದೆ, ನೋಡುತ್ತಿದೆ, ಒರೆಸುತ್ತಿದೆ