ಬೀಗರೂಟ ಉಂಡ ಪಾಂಡು

ಕಿರುಗಾವಲಿನ ಚಿಕ್ಕಬೋರಮ್ಮನ ಮನೆಗೆ ಸೊಸೆಯಾಗಿ ಬಂದ ಶೋಭಿತಾ ಜೊತೆಯಲ್ಲಿ ತನ್ನ ನಾಯಿಯನ್ನೂ ತಂದಿದ್ದಳು. ಹೆಸರು ಪಾಂಡು. ಮಂಡ್ಯದ ಗುತ್ತಲಿನಲ್ಲಿ ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಚರಂಡಿ ಪಕ್ಕ ಸಿಕ್ಕ ಮರಿ, ಮೊಸರನ್ನ ತಿಂದೇ ದೊಡ್ಡವನಾದವನು. "ಎಣ್ಣು ಕೊಟ್ಟೋರು ನಾಯಿನೂ ಕೊಟ್ಟವ್ರೆ" ಎಂದು ಬೀದಿಯವರು ನಕ್ಕರು. ಚಿಕ್ಕಬೋರಮ್ಮ ಜಗಲಿಯ ಮೂಲೆಯಲ್ಲಿ ಅವನಿಗೊಂದು ಗೋಣಿಚೀಲ ಹಾಸಿದಳು.

ಎಡವಟ್ಟಾದದ್ದು ಬೀಗರೂಟದ ದಿನ. ಬೀಗರನ್ನು ಬಲವಂತ ಮಾಡಿ ತಿನ್ನಿಸದಿದ್ದರೆ ಅದು ಊಟವೇ ಅಲ್ಲ ಎನ್ನುವ ಸೀಮೆ ಇದು. ಚಿಕ್ಕಬೋರಮ್ಮನ ಮೈದುನ ಶಿವಣ್ಣ ಎಲ್ಲರಿಗೂ ಬಡಿಸಿ ಬಂದವನು ಪಾಂಡುವಿನ ಮುಂದೆಯೂ ಎಲೆ ಹಾಕಿದ.

"ಎಣ್ಣಿನ ಕಡೆಯೋನು ಅಂದ್ಮೇಲೆ ಇವನೂ ಬೀಗನೇ ಕಣ್ರಲಾ! ತಿನ್ನಿ ಬೀಗ್ರೇ, ನಾಚ್ಕೋಬ್ಯಾಡಿ."

ಪಾಂಡು ನಾಚಿಕೊಳ್ಳಲಿಲ್ಲ. ಕೊಬ್ಬು, ಚರ್ಮ, ನಲ್ಲಿ ಮೂಳೆ, ಹಾಕಿದ್ದೆಲ್ಲ ಹೊಟ್ಟೆಗೆ ಹೋಯಿತು. ಸುತ್ತ ನಿಂತವರು ಕೇಕೆ ಹಾಕಿದಷ್ಟೂ ಶಿವಣ್ಣ ಬಡಿಸಿದ.

ಸಂಜೆ ಪಾಂಡು ವಾಂತಿ ಮಾಡಿದ. ಶೋಭಿತಾ ಅತ್ತೆಯ ಬಳಿಗೆ ಓಡಿದಳು. "ಅತ್ತೆ, ಡಾಕ್ಟ್ರಿಗೆ ತೋರಿಸೋಣ್ವಾ?"

ಚಿಕ್ಕಬೋರಮ್ಮ ಕುರಿ ಸಾಕಿ ಕೂದಲು ಬೆಳ್ಳಗಾದವಳು. ಹೊಟ್ಟೆ ಕೆಟ್ಟ ಜೀವ ಅವಳಿಗೆ ಹೊಸದಲ್ಲ.

"ಕಕ್ಕುದ್ಮೇಲೂ ಎದ್ದು ಓಡಾಡ್ತಾವ್ನಲ್ಲ, ಈಗ್ಲೇ ಗಾಬ್ರಿ ಬ್ಯಾಡ ಕಣವ್ವ. ಊಟ ಹಾಕ್ಬ್ಯಾಡ, ನೀರು ಒಂದೊಂದೇ ಗುಟುಕು ಕೊಡು. ಒಟ್ಟೆಗೆ ಒಸಿ ಬಿಡುವಾಗ್ಲಿ. ಬೆಳಗ್ಗೆ ನೋಡಮ."

ಬೆಳಗ್ಗೆ ನೋಡಿದರೆ ಕತೆ ಬೇರೆಯಾಗಿತ್ತು. ಕುಡಿದ ಗುಟುಕು ನೀರೂ ಹಿಂದಕ್ಕೆ ಬರುತ್ತಿತ್ತು. ಪಾಂಡು ಮಲವಿಸರ್ಜನೆಗೆಂದು ಕೂರುವನು, ತಿಣುಕುವನು, ಏನೂ ಬಾರದೆ ನರಳುತ್ತ ಏಳುವನು. ಆಮೇಲೆ ಏಳುವುದನ್ನೂ ಬಿಟ್ಟ. ಶೋಭಿತಾ ಕರೆದರೆ ಕಣ್ಣು ಮಾತ್ರ ತಿರುಗುತ್ತಿತ್ತು. ಚಿಕ್ಕಬೋರಮ್ಮ ಅವನ ತುಟಿ ಎತ್ತಿ ನೋಡಿದಳು. ಕೆಂಪಗಿರಬೇಕಾದ ವಸಡು ಬಿಳಿಚಿ, ಬೆರಳಿಗೆ ಅಂಟಂಟಾಗಿತ್ತು. ಕತ್ತಿನ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟಳು. ಅದು ಎತ್ತಿದ ಹಾಗೇ ನಿಂತು, ನಿಧಾನಕ್ಕೆ ಇಳಿಯಿತು.

"ಮೈಯಲ್ಲಿ ನೀರೇ ಇಲ್ಲ. ಇನ್ನು ಮನೆ ಔಸ್ದಿಲಿ ಆಗೋದಲ್ಲ" ಎಂದಳು.

ಅಷ್ಟರಲ್ಲಿ ಶಿವಣ್ಣ ಬಂದ. ಒಂದು ಕೈಯಲ್ಲಿ ಹರಳೆಣ್ಣೆ ಸೀಸೆ, ಇನ್ನೊಂದು ಕೈಯಲ್ಲಿ ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ.

"ಬಾಯಿ ಇಡ್ಕೊ ಅತ್ಗೆ. ಒಂದು ಗೊಟ್ಟ ಉಯ್ದ್ರೆ ಮದ್ಯಾನಕ್ಕೆ ಕುಣೀತಾನೆ. ನಮ್ಮ ಎತ್ತಿಗೆ ಒಟ್ಟೆ ಉಬ್ಬಿದಾಗ ಇದ್ನೇ ಅಲ್ವಾ ಉಯ್ದಿದ್ದು?"

"ಇವನೇನು ಎತ್ತಾ? ಕಕ್ತಾ ಇರೋ ಜೀವುಕ್ಕೆ ಎಣ್ಣೆ ಉಯ್ದ್ರೆ ಉಸುರ್ಗೆ ನುಗ್ಗುತ್ತೆ ಕಣ್ಲಾ. ಮಡಗು ಅತ್ಲಾಗೆ."

ಅಂಗಳದಲ್ಲಿ ಕಾರು ನಿಂತಿತ್ತು. ಹೊಸ ಜೋಡಿ ಆವತ್ತು ಗುತ್ತಲಿಗೆ, ಹೆಣ್ಣಿನ ತವರಿಗೆ ಹೊರಡಬೇಕು. ಜೊತೆಗೆ ಹಿರಿಯನಾಗಿ ಶಿವಣ್ಣ. ಚಿಕ್ಕಬೋರಮ್ಮನ ಮಗ, ಮದುಮಗ ಶಶಿಧರ್ ಆಗಲೇ ಹಣ್ಣು, ಸೀರೆಯ ತಟ್ಟೆಗಳನ್ನು ಹಿಂದಿನ ಸೀಟಿನಲ್ಲಿ ಜೋಡಿಸಿದ್ದ. ಶೋಭಿತಾ ರೇಷ್ಮೆ ಸೀರೆಯಲ್ಲೇ ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಮದುವೆಯಾಗಿ ಇನ್ನೂ ಅರಿಸಿನ ಮಾಸದ ಹುಡುಗಿ, ಪಾಂಡುವನ್ನೂ ಕಾರಿನಲ್ಲಿ ಕರೆದೊಯ್ಯೋಣ ಎಂದು ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲ.

"ತಟ್ಟೆ ಡಿಕ್ಕಿಗೆ ಆಕ್ಲಾ ಶಶಿ. ಸೀಟ್ನಲ್ಲಿ ಪಾಂಡು ಮಲೀಕತಾನೆ. ಮೊದ್ಲು ಮಳವಳ್ಳಿ ಪಶು ಆಸ್ಪತ್ರೆ, ಆಮೇಲೆ ತವರು" ಎಂದಳು ಚಿಕ್ಕಬೋರಮ್ಮ.

"ಮದುಮಕ್ಕಳ ಕಾರಲ್ಲಿ ನಾಯಿನಾ? ಜನ ಏನಂದಾರು ಅತ್ಗೆ!"

"ಬೀಗ ಅಂತ ಎಲೆ ಆಕ್ದೋನು ನೀನೇ ತಾನೆ? ಬೀಗ್ರನ್ನ ನಡಸ್ಕೊಂಡು ಓಯ್ತೀಯಾ?"

ಜಗಲಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಶಿವಣ್ಣ ಗೊಟ್ಟ ಕೆಳಗಿಟ್ಟು ಪಾಂಡುವನ್ನು ಎತ್ತಿಕೊಂಡ.

ಮಳವಳ್ಳಿಯಲ್ಲಿ ಡಾಕ್ಟರ್ ಅರುಂಧತಿ ಹೊಟ್ಟೆ ಒತ್ತಿ ನೋಡಿ, ಏನು ತಿಂದಿದ್ದ ಎಂದು ಕೇಳಿದರು. ಶೋಭಿತಾ ಶಿವಣ್ಣನ ಕಡೆ ನೋಡಿದಳು. ಶಿವಣ್ಣ ಗೋಡೆಯ ಕಡೆ ನೋಡಿದ. ಕೊನೆಗೆ ಅವನೇ ಒಂದೊಂದಾಗಿ ಹೇಳಿದ.

"ಎಣ್ಣೆಗಿಣ್ಣೆ ಏನಾದ್ರೂ ಕುಡಿಸಿದ್ರಾ?"

"ಇಲ್ಲ ಮೇಡಂ. ನಮ್ಮತ್ಗೆ ಬುಡ್ನಿಲ್ಲ."

"ಬದುಕಿಸಿದ್ರು ಬಿಡಿ."

ಡ್ರಿಪ್ ಹಾಕಿದರು. ತೂಗುಹಾಕಲು ಮೊಳೆ ಸಿಗದೆ ಬಾಟಲಿಯನ್ನು ಶಿವಣ್ಣನೇ ಎತ್ತಿ ಹಿಡಿದು ನಿಂತ, ಕೈ ಸೋತರೂ ಬೇರೆಯವರಿಗೆ ಕೊಡಲಿಲ್ಲ. ಆಮೇಲೆ ತವರಿಗೆ ಹೋಗುತ್ತ ಮಂಡ್ಯದಲ್ಲಿ ಎಕ್ಸ್‌ರೇ ತೆಗೆಸಿ ಅರುಂಧತಿಯವರ ಮೊಬೈಲಿಗೆ ಕಳಿಸಿದಾಗ ಅವರು ಫೋನ್ ಮಾಡಿದರು: "ಮೂಳೆ ಚೂರು ಎಲ್ಲೂ ಸಿಕ್ಕಿಕೊಂಡಿಲ್ಲ, ಕೊನೇ ಕರುಳಿಗೆ ಇಳಿದಿವೆ. ನಾಳೆ ಬೆಳಗ್ಗೆಯೊಳಗೆ ತಾವಾಗಿ ಹೊರಗೆ ಬಂದ್ರೆ ಗೆದ್ದ ಹಾಗೆ. ಬರದಿದ್ರೆ, ಇಲ್ಲಾ ಮತ್ತೆ ವಾಂತಿ ಆದ್ರೆ, ಕಾಯಬೇಡಿ. ಆಪರೇಷನ್ ಮಾಡಬೇಕಾಗುತ್ತೆ."

ಗುತ್ತಲಿನ ಮನೆಯಲ್ಲಿ ಆ ರಾತ್ರಿ ಹೋಳಿಗೆ ಎಲೆಯಲ್ಲೇ ಉಳಿಯಿತು. ನೀರು ಮಾತ್ರ ಪಾಂಡುವಿನ ಹೊಟ್ಟೆಯಲ್ಲಿ ನಿಂತಿತು.

ಬೆಳಗ್ಗೆ ಕಿರುಗಾವಲಿನಲ್ಲಿ ಚಿಕ್ಕಬೋರಮ್ಮ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಾಗ ಫೋನ್ ಬಡಿದುಕೊಂಡಿತು.

"ಅತ್ಗೇ! ಆಯ್ತು ಕಣತ್ಗೆ! ಗುತ್ತಲು ಮೇನ್ ರೋಡಲ್ಲೇ ಕೂತ್ಬುಟ್ಟ! ಬಸ್ಸೇ ನಿಂತೋಯ್ತು!"

"ಕೂಗಾಡ್ಬ್ಯಾಡ. ರಕ್ತ ಇದ್ದದಾ ಬಗ್ಗಿ ನೋಡು."

ಶಿವಣ್ಣ ಬಿಳಿ ಪಂಚೆ ಮೊಣಕಾಲಿಗೆತ್ತಿ, ಬಸ್ಸಿನವರು ಕಿಟಕಿಯಿಂದ ಇಣುಕುತ್ತಿದ್ದಂತೆ ರಸ್ತೆಯಲ್ಲೇ ಬಗ್ಗಿದ. ಜೀವಮಾನದಲ್ಲಿ ಅವನು ಯಾವುದನ್ನೂ ಇಷ್ಟು ಶ್ರದ್ಧೆಯಿಂದ ನೋಡಿದವನಲ್ಲ.

"ಇಲ್ಲ ಅತ್ಗೆ. ಮೂಳೆ ಚೂರು ಬಂದವೆ, ಒಂದು ತೊಟ್ಟು ರಕ್ತ ಇಲ್ಲ! ಲೋ ಡ್ರೈವರ್, ಒಸಿ ತಡಿಯಯ್ಯಾ, ನಮ್ಮ ಬೀಗ್ರು ಇನ್ನೂ ಎದ್ದಿಲ್ಲ!"

ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಶೋಭಿತಾ ಫೋನ್ ಕಿತ್ತುಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಚಿಕ್ಕಬೋರಮ್ಮನಿಗೆ ತಿಳಿಯಲಿಲ್ಲ.

"ಅತ್ತೆ, ಬಾಲ ಆಡಿಸ್ತಾವ್ನೆ. ಓಡ್ತಾವ್ನೆ ಅತ್ತೆ!"

"ಓಡ್ಲಿ ಕಣವ್ವ. ಡಾಕ್ಟ್ರಿಗೊಂದು ಮಾತು ಎಳ್ಬುಟ್ಟು, ಮೆತ್ತಗೆ ಬೇಯಿಸಿದ ಅನ್ನ ಒಂದೊಂದೇ ತುತ್ತು ಆಕು. ಬಾಡು ತೋರಿಸ್ಬ್ಯಾಡ. ಆಮೇಲೆ ನೋಡವ್ವ..."

"ಏನತ್ತೆ?"

"ತವರಲ್ಲೇ ಚೆನ್ನಾಗವ್ನೆ ಅಂತ ಅವನ್ನ ಅಲ್ಲೇ ಬುಟ್ಟು ಬಂದೀಯ. ಅವನು ಈ ಮನೆಯೋನು. ಸೀಟ್ನಲ್ಲೇ ಕೂರಿಸ್ಕೊಂಡು ಬಾ."