ನಲ್ಲಿ ನೀರಿನ ಬಣ್ಣ

ಲಿಫ್ಟ್ ರಿಪೇರಿ ಮಾಡುವವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೆನ್ನು ಹಿಡಿದುಕೊಂಡಿದೆ ಎಂದು ಹದಿನೈದು ದಿನ ರಜೆ ಹಾಕಿದ್ದ. ಬೆನ್ನಿಗೆ ವಿಶ್ರಾಂತಿ ಸಿಕ್ಕಿತೋ ಇಲ್ಲವೋ, ಮನೆಯವರಿಗಂತೂ ಸಿಗಲಿಲ್ಲ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ, ಸರಿಯಾಗೇ ಇದ್ದ ಫ್ಯಾನು ಬಿಚ್ಚಿದ. ಕೊನೆಗೆ ಅವನ ಕಣ್ಣು ನಡುಮನೆಯಲ್ಲಿದ್ದ ಗಾಜಿನ ತೊಟ್ಟಿಯ ಮೇಲೆ ಬಿತ್ತು.

ಅಲ್ಲಿ ಮೀನುಗಳು ಒಂದೊಂದಾಗಿ ಸಾಯುತ್ತಿದ್ದವು. ಏಳಿದ್ದದ್ದು ಐದಾಗಿತ್ತು, ಆ ಐದೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರು ಬದಲಿಸಿದರೆ ಸರಿಹೋಗುತ್ತದೆಂದು ದಿನಾ ನಲ್ಲಿಯಿಂದ ನಾಲ್ಕು ಬಕೆಟ್ ನೀರು ಹೊತ್ತು ಸುರಿದ. ಬೆನ್ನು ಇನ್ನಷ್ಟು ಹಿಡಿಯಿತೇ ಹೊರತು ಮೀನು ಚೇತರಿಸಿಕೊಳ್ಳಲಿಲ್ಲ. ಎರಡು ತಿಂಗಳ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದ ಮಗಳು ಇದನ್ನೆಲ್ಲ ನೋಡಿ, ಮೊಮ್ಮಗಳಿಗೆ ಒಂದು ಜೊತೆ ಕಿವಿರು ಇದ್ದಿದ್ದರೆ ಅವಳ ಕಡೆಗೂ ತಿರುಗಿ ನೋಡುತ್ತಿದ್ದೆಯೇನೋ ಎಂದು ಕಾಲೆಳೆದಳು. ಅವನು ನಕ್ಕು ಮತ್ತೆ ಬಕೆಟ್ ಎತ್ತಿಕೊಂಡ.

ಗುರುವಾರ ಸಾಕುಮೀನಿನ ಅಂಗಡಿಯವಳು ನೀರು ಪರೀಕ್ಷೆ ಮಾಡುವ ಸಣ್ಣ ಪೆಟ್ಟಿಗೆ ಕೊಟ್ಟಳು. ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿಯ ಹನಿ ಬಿಟ್ಟರೆ ಹಳದಿಯಾಗಬೇಕು, ಕೆಂಪಾಯಿತು. ನೈಟ್ರೇಟ್ ಮಿತಿಮೀರಿದೆ ಎಂದರ್ಥ. ಸುಮ್ಮನಿರಲಾರದೆ ನಲ್ಲಿ ನೀರನ್ನೂ ಹಿಡಿದ. ಅದೂ ಕೆಂಪು. ಹೊಲಕ್ಕೆ ಹಾಕಿದ ಗೊಬ್ಬರ ನೆಲದೊಳಗೆ ಇಳಿದು ಕುಡಿಯುವ ನೀರಿಗೇ ಸೇರಿರುತ್ತದೆ, ಅಷ್ಟು ದಿನ ನೀನು ಸುರಿದದ್ದು ಅದನ್ನೇ ಎಂದು ಅಂಗಡಿಯವಳು ಫೋನಿನಲ್ಲಿ ಹೇಳಿದಾಗ ಅವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಶುಕ್ರವಾರ ಬೆಳಗ್ಗೆ ಒಂದು ಪ್ಲಾಸ್ಟಿಕ್ ಪೈಪಿಗೆ ನೈಟ್ರೇಟ್ ಹೀರುವ ರಾಳದ ಮಣಿಗಳನ್ನು ತುಂಬಿ, ಎರಡೂ ತುದಿಗೆ ಸ್ಪಂಜು ತುರುಕಿ, ನಲ್ಲಿಗೆ ಸಿಕ್ಕಿಸಿದ. ಇನ್ನೊಂದು ತುದಿಯಿಂದ ತೊಟ್ಟಿಕ್ಕಿದ ನೀರು ಪರೀಕ್ಷೆಯಲ್ಲಿ ಹಳದಿಯಾಯಿತು. ಶನಿವಾರ ಮೀನುಗಳು ಕಾಳು ತಿಂದವು. ಅವನ ಖುಷಿಗೆ ಮಿತಿಯೇ ಇರಲಿಲ್ಲ. ಕೆಲಸದ ಜೊತೆಗಾರರಿಗೆಲ್ಲ ಫೋನು ಮಾಡಿ ಪೈಪಿನ ಕಥೆ ಹೇಳಿದ.

ಸೋಮವಾರ ಪೈಪಿನ ನೀರು ಪರೀಕ್ಷೆಯಲ್ಲಿ ಮತ್ತೆ ಕೆಂಪಾಯಿತು. ಅಂಗಡಿಗೆ ಫೋನು ಮಾಡಿದ. ಮಣಿಗಳು ತುಂಬಿಹೋಗಿವೆ, ಉಪ್ಪು ನೀರಿನಲ್ಲಿ ನೆನೆಸಿ ತೊಳೆದರೆ ಮತ್ತೆ ಹೀರುತ್ತವೆ ಎಂದಳು ಅಂಗಡಿಯವಳು. ಉಪ್ಪು ಎಷ್ಟು ಎಂದು ಅವನು ಕೇಳುತ್ತಿರುವಾಗಲೇ ಒಳಗೆ ಕೂಸು ಅತ್ತಿತು.

"ಮನೇಲಿ ಮಗು ಇದೆಯಾ?" ಅಂಗಡಿಯವಳ ದನಿ ಬದಲಾಯಿತು. "ಹಾಲು ಕುಡಿಯೋ ಮಗುನಾ? ಪುಡಿ ಯಾವ ನೀರಲ್ಲಿ ಕಲಸ್ತೀರಿ?"

ಅವನಿಗೆ ಉತ್ತರ ಗೊತ್ತಿತ್ತು. ಅವಳು ಮುಂದೆ ಹೇಳಿದ್ದನ್ನು ಕೇಳಿದವನೇ ಬೆನ್ನಿನ ನೋವು ಮರೆತು ಅಡುಗೆಮನೆಗೆ ಓಡಿದ. ಮಗಳು ಎಂದಿನಂತೆ ನಲ್ಲಿ ನೀರನ್ನು ಅರ್ಧ ಗಂಟೆ ಕುದಿಸಿ, ಆರಿಸಿ, ಹಾಲಿನ ಬಾಟಲಿಗೆ ಬಗ್ಗಿಸುತ್ತಿದ್ದಳು. ಅವನು ಬಾಟಲಿ ಕಿತ್ತುಕೊಂಡು ಸಿಂಕಿಗೆ ಸುರಿದ. ಈ ನೀರು ಎಳೆಗೂಸಿಗೆ ಆಗದು, ರಕ್ತ ಕೆಟ್ಟು ಮೈ ನೀಲಿಗಟ್ಟುತ್ತದೆ ಎಂದು ಏದುಸಿರು ಬಿಡುತ್ತಾ ಹೇಳಿದ.

"ಕುದಿಸಿದೀನಲ್ಲಪ್ಪ."

"ಕುದಿಸಿದ್ರೆ ಹೋಗಲ್ಲಮ್ಮ. ಇನ್ನೂ ಜಾಸ್ತಿಯಾಗುತ್ತಂತೆ."

ಮಗಳು ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತುಟಿ ನೋಡಿದಳು, ಉಗುರು ನೋಡಿದಳು. ಅವನು ಡಾಕ್ಟರಿಗೆ ಫೋನು ಮಾಡಿದ. ನೀಲಿಗಟ್ಟಿಲ್ಲದಿದ್ದರೆ ಗಾಬರಿ ಬೇಡ, ಆದರೂ ಈಗಲೇ ಕರೆತನ್ನಿ, ಆ ನೀರು ಒಂದು ಹನಿಯೂ ಬೇಡ ಎಂದರು.

"ನಲ್ಲಿ ನೀರು ಹೀಗಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?" ಮಗಳು ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗುರುವಾರ."

"ಮೀನಿಗೆ ಒಳ್ಳೆ ನೀರು?"

"ಶುಕ್ರವಾರದಿಂದ."

ನಾನೇ ಎತ್ತಿಕೊಂಡು ಬರುತ್ತೇನೆ ಎಂದು ಅವನು ಕೂಸಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಕೂಸನ್ನು ಎದೆಗವಚಿಕೊಂಡು, ಚಪ್ಪಲಿ ಮೆಟ್ಟಿ, ಒಬ್ಬಳೇ ಮೆಟ್ಟಿಲಿಳಿದು ಹೋದಳು.